ಮೂರು ಮೊಳೆ

ಗರಡಿಯ ಗೋಡೆಗೆ ಹೊಸ ಸುಣ್ಣ ಬಳಿದ ಮೇಲೆ
ಹಳೆಯ ಪಟಗಳೆಲ್ಲ ಕಣದ ಪಕ್ಕ ಬೋರಲು ಮಲಗಿದ್ದವು,
ಗೆದ್ದವರೂ ಸೋತವರೂ ಒಂದೇ ಭಂಗಿಯಲ್ಲಿ.
ಹನುಮಪ್ಪನ ಎಡಕ್ಕೆ ಈಗ ಕಿಟಕಿ, ಬಲಕ್ಕೆ ಮೂರೇ ಮೊಳೆ.
ಅಳತೆಗೆಂದು ನನ್ನನ್ನು ಕರೆಸಿದ್ದರು.
ಚೌಕಿಪೇಟೆಯಲ್ಲಿ ಕಟ್ಟು ಹಾಕುವ ಅಂಗಡಿ ನನ್ನದು:
ದೇವರು, ಮದುವೆ, ಸತ್ತವರು.
ಪೈಲ್ವಾನರ ಗಾಜಿಗೆ ಅಪ್ಪನ ಕಾಲದಿಂದಲೂ ಅರ್ಧ ದುಡ್ಡು.

ಸೋಮವಾರ ಸಂಜೆ. ಪೇಪರಿನ ಮೇಲೆ ಮಂಡಕ್ಕಿ, ಮೆಣಸಿನಕಾಯಿ.
ಕಮಿಟಿಯ ಐವರು. ಐವರದೂ ಕುಸ್ತಿಯಲ್ಲಿ ಮುದುಡಿದ ಕಿವಿ,
ಹಾಗಾಗಿ ಮಾತೆಲ್ಲ ಕೂಗಾಟವೇ.

ಆನೆಕೊಂಡದ ಪರಸೋಜಿಗೆ ತಕರಾರಿರದು ಅಂದುಕೊಂಡಿದ್ದೆ.
ನಲವತ್ತೊಂದು ಕುಸ್ತಿ, ಒಂದೂ ಸೋತಿಲ್ಲ.
"ಯಾರ ಮೇಲೆ?" ಅಂದರು ರುದ್ರಮುನಿ,
"ಅದರಲ್ಲಿ ಇಪ್ಪತ್ತು ಜನ ನಮ್ಮ ಸೋದರಮಾವನಂಥೋರು.
ಮೋದಿನ್‌ಸಾಬ್ ಇನ್ನೊಮ್ಮೆ ಬಾರಲೇ ಅಂದಾಗ
ಇವನಿಗೆ ಮೂರು ವರ್ಷ ಮೊಣಕಾಲು ನೋವು."

"ಹಂಗಾರೆ ಮೋದಿನ್‌ಸಾಬೂ ಇರಲಿ.
ಒಂದು ಗಂಟೆ ಹತ್ತು ನಿಮಿಷ ಅದೇ ಪರಸೋಜೀನ ಹಿಡಿದು ನಿಲ್ಲಿಸಿದ,
ಪೆಟ್ರೋಮ್ಯಾಕ್ಸ್ ತಂದರೂ ಬಿಡಲಿಲ್ಲ."
"ನಿಂತಿದ್ದಕ್ಕೆಲ್ಲ ಪಟ ಹಾಕೋದಾದರೆ
ಹೊಂಡದ ಸರ್ಕಲ್ಲಿನ ಲೈಟು ಕಂಬಕ್ಕೂ ಹಾಕು."
ನಕ್ಕರು. ಆದರೂ ಬರೆದುಕೊಂಡರು.
ಎರಡಾಯಿತು.

ಮೂರನೆಯ ಮೊಳೆಗೆ ರಾತ್ರಿಯಾಯಿತು.
ಓಬಳಪ್ಪನ ಹೆಸರು ಎತ್ತಿದ್ದು ಯಾರೋ.
ಮಿಲ್ಲಿನ ಹುಡುಗ, ರಾತ್ರಿ ಪಾಳಿ ಮುಗಿಸಿ
ತಲೆಗೂದಲಲ್ಲಿ ಹತ್ತಿಯ ಎಳೆ ಸಮೇತ ಕಣಕ್ಕೆ ಇಳಿಯುತ್ತಿದ್ದವನು.
ಹತ್ತೊಂಬತ್ತಕ್ಕೇ ಶಿವಗಂಗಪ್ಪನನ್ನು
ಧೋಬಿ ಪಟ್ಟಿನಲ್ಲಿ ಎತ್ತಿ ಚಿತ್ ಮಾಡಿದವನು.
"ಮಾಡಿದ್ದಲ್ಲ, ಮಾಡಿಸಿದ್ದು!
ಶಿವಗಂಗಪ್ಪ ಇನ್ನೂರು ರೂಪಾಯಿ ತಗೊಂಡು ಬಿದ್ದದ್ದು
ಊರಿಗೆಲ್ಲ ಗೊತ್ತೈತಿ."
"ಹಂಗಾರೆ ಶಿವಗಂಗಪ್ಪನ್ನೇ ಹಾಕ್ರಿ. ಅಂಥ ಸೊಂಟ ಯಾರಿಗಿತ್ತು?"
"ಕಣ ಮಾರಿದವನನ್ನ ಹನುಮಪ್ಪನ ಪಕ್ಕ?"

ಬಾಗಿಲ ಕಲ್ಲಿನ ಮೇಲೆ ಶಾಲು ಹೊದ್ದು
ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದ ಮುದುಕ ಕೆಮ್ಮಿದ.
ಎಂಬತ್ತನಾಲ್ಕು. ಹೆಗಲು ಇಳಿದಿದೆ, ಮೀಸೆ ಇಳಿದಿಲ್ಲ.
"ಯಾವ ಇನ್ನೂರಲೇ?" ಅಂದ ಶಿವಗಂಗಪ್ಪ.
"ಒಂದು ಕಾಸೂ ಯಾರೂ ಕೊಡಲಿಲ್ಲ.
ಹುಡುಗ ಎತ್ತಿದ. ನಾನು ಬಿದ್ದೆ.
ಆಕಾಶ ಕಂಡಿತು, ಒಂದು ಹದ್ದು ಕಂಡಿತು.
ಎದ್ದು ಮೈ ಕೊಡವುವಾಗ
ಇನ್ನೂರು ಅನ್ನೋದು ತಾನಾಗೇ ಬಾಯಿಗೆ ಬಂತು.
ಕಳ್ಳ ಅನ್ನಿಸಿಕೊಂಡು ಉಣ್ಣಬಹುದು.
ಆ ನರಪೇತಲನಿಗೆ ಸೋತೆ ಅನ್ನಿಸಿಕೊಂಡು..."
ಉಳಿದದ್ದನ್ನು ಶಾಲಿನೊಳಗೆ ಕೆಮ್ಮಿಕೊಂಡ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ:
ಇಷ್ಟು ದಿನ ನಾನದನ್ನು ನಗೆಯ ಮಾತು ಅಂದುಕೊಂಡಿದ್ದೆ.
ನಲವತ್ತಾರು ವರ್ಷ ಆ ಮೀಸೆ ಬೆಳ್ಳಗಿರಲಿ ಎಂದು
ಇನ್ನೊಬ್ಬನ ಬೆವರಿನ ಮೇಲೆ ಮಣ್ಣು ಎಳೆದಿದ್ದ.
ಕೇಳಲು ಓಬಳಪ್ಪ ಇಲ್ಲ. ಹನ್ನೊಂದು ವರ್ಷವಾಯಿತು.

ಯಾರೂ ಮಾತಾಡಲಿಲ್ಲ. ಮಜ್ಜಿಗೆ, ನಿಂಬೆ ಕುಡಿದ ಕೆಮ್ಮಣ್ಣು
ಹುಳಿ ಹುಳಿ ನಾರುತ್ತಿತ್ತು.
ರುದ್ರಮುನಿ ಕೇಳಿದರು, ಅವರು ಲೆಕ್ಕದವರು:
"ಇದಕ್ಕೆ ಪುರಾವೆ?"
"ನನ್ನ ಬೆನ್ನು" ಅಂದ ಮುದುಕ.

ಹೊರಟಾಗ ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ.
"ನಂದೂ ಒಂದು ಕಟ್ಟು ಹಾಕೋದಾದರೆ ಎಷ್ಟು ದೊಡ್ಡದು?
ಮೀಸೆ ಕಾಣಬೇಕು."
ಮೂರೇ ಮೊಳೆ ಅಜ್ಜಾ, ಅಂದೆ.
"ನಾಲ್ಕನೇದು ಹೊಡೆದರೆ ಗೋಡೆ ಬೀಳ್ತದೇನು?"
ನನಗೆ ಉತ್ತರ ಹೊಳೆಯಲಿಲ್ಲ.
ಅವನೂ ಕೈ ಬಿಡಲಿಲ್ಲ, ಸ್ವಲ್ಪ ಹೊತ್ತು.

ಓಬಳಪ್ಪನ ಮಗಳು ಕೊಟ್ಟದ್ದು
ಮಿಲ್ಲಿನ ಗೇಟ್ ಪಾಸಿನಿಂದ ಕಿತ್ತ ಚಿತ್ರ,
ಹೆಬ್ಬೆಟ್ಟಿನಷ್ಟು, ಹೆಗಲ ಮೇಲೆ ಅರ್ಧ ಸೀಲು.
ಬೇರೆ ಇಲ್ಲವೇ ಅಂದರೆ ಇಲ್ಲ ಅಂದಳು.
ಕಂಪ್ಯೂಟರಿನಲ್ಲಿ ಹಿಗ್ಗಿಸಿದಷ್ಟೂ
ಮುಖ ಚುಕ್ಕೆ ಚುಕ್ಕೆಯಾಗಿ ಹಿಂದೆ ಸರಿಯಿತು.
ಕಿವಿಯ ಮೇಲೆ, ಕೂದಲಲ್ಲಿ, ಬಿಳಿಯದೇನೋ ಉಳಿಯಿತು.
ಧೂಳೋ, ಕಾಗದದ ಗೀರೋ.
"ಇದನ್ನ ಒರೆಸಿಬಿಡಲಾ ಅಣ್ಣಾ?" ಅಂದ ಹುಡುಗ, ಬೆರಳು ಮೌಸಿನ ಮೇಲೆ.

ಬಿಡು, ಅಂದೆ.