ಪದವು ದಾಟಿದ್ದು

ಕೈಕಂಬದಲ್ಲಿ ಬಸ್ಸಿಳಿದಾಗ ಎಂಟು ದಾಟಿತ್ತು.
ನನ್ನ ಬೆನ್ನ ಮೇಲೆ ಹನ್ನೊಂದು ಕಿಲೋ,
ಹಂಪನಕಟ್ಟೆಯಲ್ಲಿ ಕೊಂಡ ಚೀಲ, ಹದಿನಾಲ್ಕು ಜಿಪ್ಪು,
ಯಾವುದರೊಳಗೆ ಬೆಂಕಿಪೊಟ್ಟಣ ಇಟ್ಟೆನೆಂದು ಮರೆತಿದ್ದೆ.
ಇಸುಬಾಕನ ಹೆಗಲಲ್ಲಿ ಒಂದು ಬೈರಾಸು,
ಅದರ ಮೂಲೆಯ ಗಂಟಿನಲ್ಲಿ ಎಂಟು ಖರ್ಜೂರ, ಒಂದು ನೀರುಳ್ಳಿ.
ಕೈಯಲ್ಲಿ ಶರಬತ್ತಿನ ಹಳೇ ಬಾಟಲಿ, ಒದ್ದೆ ಗೋಣಿ ಸುತ್ತಿದ್ದು.
"ಎಂತ ಟೀಚರೇ,
ಮನೆ ಬಿಟ್ಟು ಬಂದದ್ದಾ, ಮನೆ ಹೊತ್ತುಕೊಂಡು ಬಂದದ್ದಾ?"

ಹತ್ತೊಂಬತ್ತು ವರ್ಷ ಮಸ್ಕತ್ತಿನ ಆಚೆಯ
ಬೋಳು ಬೆಟ್ಟಗಳಿಗೆ ನೀರಿನ ಟ್ಯಾಂಕರ್ ಓಡಿಸಿದವ.
ಟಯರು ಒಡೆದ ದಿನ ಆಡಿನವರ ಹಿಂದೆ ನಡೆದು ಕಲಿತದ್ದನ್ನು
ನನಗೀಗ ಕಂತಿನಲ್ಲಿ ಕೊಡುತ್ತಾನೆ:
ಬಾಯಿ ಮುಚ್ಚಿ, ಮೂಗಿನಲ್ಲಿ ನಡೆಯಿರಿ.
ಹಿಕ್ಕೆ ಹಸಿಯಿದ್ದರೆ ನೀರು ಹತ್ತಿರ ಉಂಟು.
ಬಾಯಾರಿಕೆ ಕೇಳಿದಾಗಲೆಲ್ಲ ಕೊಡಬೇಡಿ,
ಅದು ಮಕ್ಕಳ ಹಾಗೆ, ಅಭ್ಯಾಸ ಆಗ್ತದೆ.

ಪದವು ಅಂದರೆ ಮುರಕಲ್ಲಿನ ಚಪ್ಪಟೆ ನೆತ್ತಿ.
ಆಟಿಯಲ್ಲಿ ಇಲ್ಲಿ ಪಾದ ಮುಳುಗುವ ನೀರು,
ನೀಲಿ ಚುಕ್ಕೆ ಹೂ, ಕಪ್ಪೆಗಳ ಗದ್ದಲ.
ಪಗ್ಗು ಬಂತೆಂದರೆ ಅದೇ ಕಲ್ಲು
ಕಾವಲಿ.
ನೀರು ನಿಂತಿತ್ತೆಂಬುದಕ್ಕೆ ಸಾಕ್ಷಿ
ಕುಳಿಯ ತಳದ ಒಣಪಾಚಿ, ಹಪ್ಪಳದ ಹಾಗೆ ಮೇಲೆದ್ದ ಅಂಚು.
ಕಾಲಿಟ್ಟರೆ ಕರಕರ.
ಅಡಿಯ ಬೀಜಗಳಿಗೆ ಎಚ್ಚರವಾಗಬಾರದೆಂದು
ಇಬ್ಬರೂ ಕುಳಿಯನ್ನು ಬಳಸಿ ನಡೆದೆವು.
ಯಾರೂ ಯಾರಿಗೂ ಹೇಳಲಿಲ್ಲ.

ಹನ್ನೊಂದೂವರೆಗೆ ನೆರಳೆಂದರೆ ನಮ್ಮದೇ, ಅದೂ ಮೊಣಕಾಲಿನಷ್ಟು.
ವಿಮಾನವೊಂದು ಹೊಟ್ಟೆ ತೋರಿಸಿಕೊಂಡು
ಬಜಪೆಯತ್ತ ಇಳಿಯಿತು. ಚಕ್ರ ಎಣಿಸಬಹುದಿತ್ತು.
ಇಸುಬಾಕ ತಲೆಯೆತ್ತಲಿಲ್ಲ.
"ಮಸ್ಕತ್ತಿನದ್ದು. ಅರ್ಧ ಗಂಟೆ ಲೇಟು."
ಮತ್ತೆ ಬಹಳ ಹೊತ್ತು ಮಾತಿಲ್ಲ.

ಗೇರುಮರದ ಒಂದೇ ಒಂದು ಗಿಡ್ಡ ನೆರಳಲ್ಲಿ
ಬಿಸಿಲು ಕಳೆಯಲು ಕೂತು, ಎದ್ದು, ನಡೆದು,
ಮೂರರ ಹೊತ್ತಿಗೆ ಫೋನಿನ ನಕ್ಷೆಯಲ್ಲಿ ದಾರಿ
ನೇರ ಮುಂದಕ್ಕೆ, ಚುಕ್ಕೆ ಚುಕ್ಕೆ, ನೀಲಿ.
ಕಾಲಿನೆದುರು ದಾರಿ ಇರಲಿಲ್ಲ.
ಗುಡ್ಡವೂ ಇರಲಿಲ್ಲ.
ಯಂತ್ರ ಕೊಯ್ದ ಕೋರೆ, ಮೂರಾಳು ಆಳ,
ಗೋಡೆಯ ತುಂಬ ಚೌಕ ಚೌಕ ಗೆರೆ,
ಕೆಂಪಗೆ, ಹಸಿಯಾಗಿ, ನಿನ್ನೆ ಕಿತ್ತ ಹಲ್ಲಿನ ಜಾಗದ ಹಾಗೆ.
ನಕ್ಷೆ ಮಾತ್ರ ಗಾಳಿಯ ಮೇಲೆ ನಡೆದು
ಆಚೆ ಅಂಚು ಸೇರಿತ್ತು.

ಕಲ್ಲು ತೆಗೆದು ಉಳಿದ ಮೆಟ್ಟಿಲಿನಲ್ಲಿ ಇಳಿದೆವು.
ಪಡುಗೋಡೆಯಡಿ ನೆರಳಿತ್ತು, ತಂಪಿತ್ತು,
ನಾಚಿಕೆಯಾಗುವಷ್ಟು ಹಿತವಾದ ತಂಪು.
ಖರ್ಜೂರ ನಾಲ್ಕು ನಾಲ್ಕು. ನೀರುಳ್ಳಿ ಮುಷ್ಟಿಯಲ್ಲಿ ಗುದ್ದಿ ಅರ್ಧರ್ಧ.
ನನ್ನ ಹದಿನಾಲ್ಕು ಜಿಪ್ಪಿನೊಳಗಿಂದ
ಉಪಯೋಗಕ್ಕೆ ಬಂದದ್ದು ಉಪ್ಪು.
"ಅಲ್ಲಿಯ ಬೆಟ್ಟವನ್ನು ಯಾರೂ ಮನೆಗೆ ಕೊಂಡು ಹೋಗುವುದಿಲ್ಲ ಟೀಚರೇ,
ಅದು ಗಟ್ಟಿ. ಇದು ಮೆದು, ಕೊಯ್ದಲ್ಲಿಗೆ ಬರ್ತದೆ."
ಗೋಡೆಯ ಗೆರೆಗಳನ್ನು ಬೆರಳಲ್ಲಿ ಎಣಿಸುತ್ತ ಹೋದ.
ಎಲ್ಲೋ ಲೆಕ್ಕ ತಪ್ಪಿತು.
"ನನ್ನ ಮನೆಗೆ ನಾಲ್ಕು ಸಾವಿರದ ಇನ್ನೂರು ಕಲ್ಲು.
ರೇಟು ಕೇಳಿದ್ದೆ. ಎಲ್ಲಿಯದ್ದೆಂದು ಕೇಳಿರಲಿಲ್ಲ."
ಕೊನೆಯ ಗುಟುಕು ನನಗೆ ಬಿಟ್ಟು
ಒಣಗಿದ ಗೋಣಿಯನ್ನು ಮಡಚಿ ಕಿಸೆಯಲ್ಲಿಟ್ಟ.

ರಾತ್ರಿ ಕಾವೂರಿನ ಮನೆಗೆ ಬಂದು ಚೀಲ ಇಳಿಸಿದೆ.
ಗಾರೆ ಕಾಣದ ಹಿಂಗೋಡೆಗೆ ಬೆನ್ನು ತಾಗಿಸಿ ಕೂತರೆ
ಹಗಲು ಇನ್ನೂ ಕಲ್ಲಿನೊಳಗಿತ್ತು.
ಒಂದು ತೂತಿಗೆ ಬೆರಳು ತೂರಿಸಿದೆ:
ಏನೋ ಕಪ್ಪು ಪುಡಿ. ಪಾಚಿಯೋ, ಬೀಜವೋ, ಬರೀ ಧೂಳೋ.
ಬಾಯಾರಿಕೆ ಕೇಳಿತು.
ಕೊಡದೆ
ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.