ತೊಗಲ ಮಾತು

ಫೆಬ್ರುವರಿ. ಅಥಣಿಯ ಬಿಸಿಲಿಗೆ ಇನ್ನೂ ಹಲ್ಲು ಬಂದಿಲ್ಲ.
ಕಾಮರ್ಸ್ ಕ್ಲಾಸಿನ ಮೂರನೇ ಬೆಂಚಿನಿಂದ
ಭಾಗ್ಯಶ್ರೀ ತೆಲಸಂಗ ಎದ್ದು ನಿಂತಳು:
‘ಸರ್, ಬಜೆಟ್ ಅಂದ್ರ ಕನ್ನಡದಾಗ ಏನ್ರಿ?’
ಆಯವ್ಯಯ ಮುಂಗಡ ಪತ್ರ, ಅಂದೆ.
‘ಅದು ಕನ್ನಡ ಏನ್ರಿ ಸರ್?’
ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ,
ಡಸ್ಟರಿನ ಪುಡಿ ಬಾಯಿಗೆ ಹೋಗುವಷ್ಟು.

ಮಧ್ಯಾಹ್ನ ಲೈಬ್ರರಿಯಲ್ಲಿ ದಪ್ಪ ನಿಘಂಟು ತೆಗೆದೆ.
ಬೆನ್ನು ಹರಿದದ್ದು, ಗೆದ್ದಲು ರುಚಿ ನೋಡಿ ಬಿಟ್ಟದ್ದು.
ಬಿ ಅಕ್ಷರದ ಓಣಿಯೊಳಗೆ ಬೆರಳು ನಡೆಸುತ್ತ ಹೋದರೆ
ಸಿಕ್ಕಿತು ಬಜೆಟ್ಟಿನ ಮನೆ.
ಅದರೊಳಗೆ ಇನ್ನೊಂದು ಮನೆ, ಫ್ರೆಂಚರ ಬೂಜೆತ್.
ಅದರ ಹಿತ್ತಲಲ್ಲಿ ಲ್ಯಾಟಿನ್ನಿನ ಬುಲ್ಗಾ.
ಅದಕ್ಕೂ ಹಿಂದೆ, ಗಾಲ್ ಎಂಬ ಸೀಮೆಯ ಜನ
ಹೆಗಲಿಗೆ ಹಾಕಿಕೊಂಡು ನಡೆದದ್ದು:
ತೊಗಲಿನ ಚೀಲ.

ಅಷ್ಟೇ. ತೊಗಲಿನ ಚೀಲ.
ಮತ್ತೊಮ್ಮೆ ಓದಿದೆ,
ಟೆಲಿಗ್ರಾಂ ಓದುವವರ ಹಾಗೆ.

ಲಂಡನ್ನಿನ ಖಜಾನೆಯ ಮಂತ್ರಿ ಚೀಲದ ಬಾಯಿ ಬಿಚ್ಚಿ
ವರ್ಷದ ಲೆಕ್ಕ ಹೊರಗೆ ತೆಗೆಯುತ್ತಿದ್ದನಂತೆ.
‘ಚೀಲ ಬಿಚ್ಚಿದರು, ಚೀಲ ಬಿಚ್ಚಿದರು’ ಎನ್ನುತ್ತ ಎನ್ನುತ್ತ ಜನ
ಲೆಕ್ಕಕ್ಕೇ ಆ ಹೆಸರಿಟ್ಟರು.
ಒಳಗಿದ್ದದ್ದು ಹೆಸರು ಕದ್ದು ಹೊರಗೆ ಬಂತು.
ಚೀಲ ಎಲ್ಲಿ ಹೋಯಿತು, ನಿಘಂಟು ಹೇಳುವುದಿಲ್ಲ.

ನನಗೆ ಗೊತ್ತು.
ನಮ್ಮ ಓಣಿಯಲ್ಲಿದೆ.
ಜಾಲಿಯ ತೊಗಟೆ, ಅಳಲೆಕಾಯಿ ನೆನೆದ ನೀರಿನ ವಾಸನೆಗೆ
ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಮೂಗಿಗೆ
ಸೈಕಲ್ ತುಳಿದು ಹೋಗುತ್ತಿದ್ದರಲ್ಲ, ನನ್ನ ಜೊತೆ ಕಲಿತವರು,
ಈಗ ಒಬ್ಬ ಸಕ್ಕರೆ ಕಾರ್ಖಾನೆಯ ಅಕೌಂಟಂಟು,
ಇನ್ನೊಬ್ಬ ಸೊಸೈಟಿಯ ಚೇರಮನ್ನು,
ದಿನಕ್ಕೆ ಹತ್ತು ಸಲ ಬಜೆಟ್ಟು ಬಜೆಟ್ಟು ಅನ್ನುತ್ತಾರೆ.
ಹೇಳಲೇ ಅವರಿಗೆ?
ಬಾಯಿತುಂಬ ಏನಿಟ್ಟುಕೊಂಡಿದ್ದೀರಿ ನೋಡಿರಿ, ಅಂತ?

ಬುಲ್ಗಾ, ಬುಗುಟಿ. ಎರಡೂ ಉಬ್ಬಿದ್ದೇ.
ಸಂಬಂಧ ಏನೂ ಇಲ್ಲ, ಪಂಡಿತರು ಒಪ್ಪುವುದಿಲ್ಲ.
ಆದರೆ ಬುಗುಟಿ ನಾನು ಬಲ್ಲೆ. ಆರನೇ ಇಯತ್ತೆಯಲ್ಲಿ
ಸಾಲಿಯ ಕೊಡ ಮುಟ್ಟಿದ್ದಕ್ಕೆ
ಹಣೆಯ ಮೇಲೆ ಬಂದಿತ್ತು.

ಅಜ್ಜ ಹಮ್ಮಿಣಿ ಹೊಲಿಯುತ್ತಿದ್ದ, ಬೆಲ್ಲದ ವ್ಯಾಪಾರಿಗಳಿಗೆ.
ತುಂಬಿದ ಹಮ್ಮಿಣಿ ಊರೆಲ್ಲ ನೋಡಿತು.
ಖಾಲಿ ಇದ್ದಾಗ ನೋಡಿದವ ಅವನೊಬ್ಬನೇ.

ಸಂಜೆ ಅವ್ವನಿಗೆ ಹೇಳಿದೆ. ಸುಂದ್ರವ್ವ, ಅರವತ್ತೆಂಟು,
ಚಪ್ಪಲಿಯ ಪಟ್ಟಿಗೆ ಜಡೆ ಹೆಣೆಯುತ್ತಿದ್ದಳು
ತೊಗಲೆಳೆಯ ತುದಿ ಕಾಲ ಹೆಬ್ಬೆರಳಿಗೆ ಸಿಕ್ಕಿಸಿ.
ಟೀವಿಯಲ್ಲಿ ಯಾರೋ ಮಂತ್ರಿ ಪೆಟ್ಟಿಗೆ ಎತ್ತಿ ತೋರಿಸುತ್ತಿದ್ದರು.
‘ಅದು ತೊಗಲಲ್ಲ, ರೆಗ್ಜಿನ್’ ಅಂದಳು ಮೊದಲು.
ಆಮೇಲೆ, ಎಳೆ ಬಿಗಿದು:
‘ಆ ಚೀಲ ಹೊಲಿದಾಂವಗ ಏನರ ಕೊಟ್ರಂತೇನೋ?
ಬರದಾರೇನ ನಿನ್ನ ಪುಸ್ತಕದಾಗ?’

ಬರೆದಿರಲಿಲ್ಲ.

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾನು
ಎಲ್ಲ ಬರೆದುಕೊಂಡು ಬಂದಿದ್ದೆ, ನಾಳೆ ಭಾಗ್ಯಶ್ರೀಗೆ ಹೇಳಲಿಕ್ಕೆ,
ಬಾಣದ ಗುರುತು ಹಾಕಿ, ಗಾಲ್‌ನಿಂದ ಅಥಣಿಯವರೆಗೆ.
ಅವ್ವ ಈಸಿಕೊಂಡಳು. ಅಕ್ಷರ ಬಾರದ ಕಣ್ಣು
ಹಾಳೆಯ ಉದ್ದ ನೋಡಿತು, ಅಗಲ ನೋಡಿತು.
ಮಿರಜಿನ ಅಂಗಡಿಯಿಂದ ನಲವತ್ತು ಪಾಕೀಟಿನ ಆರ್ಡರು,
ಅಳತೆಗೆ ಗಟ್ಟಿ ಕಾಗದ ಬೇಕಾಗಿತ್ತು.
ಮಡಚಿದಳು. ಕತ್ತರಿ ಎಳೆದುಕೊಂಡಳು.
‘ತಡಿಯವ್ವಾ’ ಅನ್ನುವುದರೊಳಗೆ
ಬುಲ್ಗಾ ಒಂದು ಕಡೆ, ಬೂಜೆತ್ ಇನ್ನೊಂದು ಕಡೆ,
ನಡುವೆ ರೊಕ್ಕ ಹೋಗುವ ಬಾಯಿ.

ನಾಳೆ ಕ್ಲಾಸಿಗೆ ಏನು ಒಯ್ಯಲಿ?
ಹೊಲಿದು ಮುಗಿದದ್ದೊಂದು ಪಾಕೀಟು ಕೇಳಿದೆ.
‘ಒಯ್ಯಿ. ನೂರಾ ಎಂಬತ್ತು.
ಮಾಸ್ತರಂತ ಸೂಟ ಇಲ್ಲ.’