ಅರ್ತಿಂಗು

ರಟ್ಟಿನ ಡಬ್ಬಿ ಕೊರಿಯರಿನಲ್ಲಿ ಬಂತು.
ಸುಟ್ಟ ಮಿಕ್ಸಿ, ಸತ್ತ ಫ್ಯಾನುಗಳ ನಡುವೆ
ಬೆಂಚಿನ ಮೇಲೆ ಜಾಗ ಮಾಡಿದೆ.
ಒಳಗೆ ಒಂದು ಮೈ, ಒಂದು ಕತ್ತು,
ಕೊಟ್ಟೆಯ ತುಂಬ ಸ್ಕ್ರೂ,
ಚೀನೀ ಭಾಷೆಯ ಒಂದು ಹಾಳೆ, ಚಿತ್ರವೂ ಮಬ್ಬು.

"ಯಾರದ್ದು ರಿಪೇರಿ?" ಅಂದ ಪಕ್ಕದ ಅಂಗಡಿಯ ಮೌನೇಶಾಚಾರಿ.
ನನ್ನದೇ ಅಂದೆ.
ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಮೋಟರು ಸುತ್ತುವ
ನಲವತ್ತೊಂಬತ್ತರ ಹೆಂಗಸಿಗೆ
ಗಿಟಾರು ಯಾಕೆ ಅಂತ ಕೇಳಿದವರಿಗೆಲ್ಲ
ದಿನಕ್ಕೊಂದು ಸುಳ್ಳು ಹೇಳಿದೆ.
ನಿಜ ಹೇಳಿದರೆ ರೇಟು ಕೇಳುತ್ತಾರೆ.

ಆಚಾರಿ ಮೈ ಎತ್ತಿ, ಉಗುರು ಊರಿ,
"ಬೆಂಕಿಪೊಟ್ಟಣದ ಜಾತಿ" ಅಂದ.
ಹಲಸಲ್ಲ, ಹೊನ್ನೆಯಲ್ಲ.
ಆ ಉಗುರಿನ ಗುರುತು ಈಗಲೂ ಇದೆ.
ಹಿಂದೊಮ್ಮೆ ಯಾರದೋ ವೀಣೆ ಜೋಡಿಸಿದ್ದನಂತೆ,
ಹೆಸರುಗಳನ್ನು ಅವನೇ ಕೊಟ್ಟ:
ಇದು ಬಿರಡೆ, ಇವು ಮೆಟ್ಟಿಲು,
ತಂತಿಗಳು ಹತ್ತಿ ಕೂರುವ ಈ ಕಬ್ಬಿಣ, ಕುದುರೆ.

ಎರಡು ಕಪ್ಪು ಡಬ್ಬಿಗಳನ್ನು ಮಾತ್ರ
ಯಾರೂ ಪರಿಚಯ ಮಾಡಿಸಬೇಕಿರಲಿಲ್ಲ.
ಮುಚ್ಚಳ ಸರಿಸಿದೆ: ಅಯಸ್ಕಾಂತ, ಅದರ ಸುತ್ತ ತಾಮ್ರ,
ಕೂದಲಿಗಿಂತ ಸಪೂರ, ಸಾವಿರಾರು ಸುತ್ತು.
ಅಯ್ಯೋ, ನೀನಾ!
ತಿರುಗದ ಮೋಟರು,
ಕೂತಲ್ಲೇ ಕೂತು ಕೇಳಿಸಿಕೊಳ್ಳುವವಳು.

ಬಣ್ಣದಂಗಡಿಯವನು ನೂರು ಹೆಸರು ಹೇಳಿದ.
ನಾನು ಬಳಿದದ್ದು ಕಾಯಿಲಿಗೆ ಬಳಿಯುವ ಕೆಂಪು ವಾರ್ನಿಶ್ಶು,
ಮೋಟರಿನ ಒಡಲಲ್ಲೇ ಇದ್ದು ಯಾರ ಕಣ್ಣಿಗೂ ಬೀಳದ ಬಣ್ಣ.
ಮೊದಲ ಕೋಟು ಇಳಿದು ಗಡ್ಡ ಕಟ್ಟಿತು, ಉಜ್ಜಿದೆ.
ಎರಡನೆಯದು ಜೂನಿನ ತೇವಕ್ಕೆ
ಮೂರು ದಿನವಾದರೂ ಬೆರಳು ಬಿಡಲಿಲ್ಲ.
ಕಾಯಿಲು ಒಣಗಿಸುವ ತಗಡಿನ ಪೆಟ್ಟಿಗೆಯಲ್ಲಿ
ಇನ್ನೂರು ವ್ಯಾಟಿನ ಬಲ್ಬಿಗೆದುರು ನೇತುಹಾಕಿ
ಬಾಗಿಲು ಸಂದು ಬಿಟ್ಟು ಮನೆಗೆ ಹೋದೆ.
ಬೆಳಿಗ್ಗೆ ನೋಡಿದರೆ ಮಳೆಹುಳುಗಳು ಬಂದು ಹೋಗಿದ್ದವು,
ಒಂದು ರೆಕ್ಕೆ ಬಿಟ್ಟು.
ಆಚಾರಿ ಉಪ್ಪುಕಾಗದ ಚಾಚಿದ.
ಬೇಡ ಅಂದೆ. ಅದರ ಮೇಲೇ ಮೂರನೆಯ ಕೋಟು.

ದಾರ ಹಿಡಿದು ಕತ್ತು ನೇರ ಮಾಡಿದೆವು.
ನಾಲ್ಕರಲ್ಲಿ ಒಂದು ಸ್ಕ್ರೂ ಅರ್ಧಕ್ಕೇ ತಲೆ ಮುರಿದುಕೊಂಡಿತು.
"ಮೂರು ಸಾಕು" ಅಂದ. ಸಾಕಾಗಿದೆ.

ಬೆಸುಗೆ ನನಗೆ ನೀರು ಕುಡಿದಷ್ಟು.
ಆರೂ ತಂತಿ ಬಿಗಿದು
ಅಣ್ಣನ ಮಗನ ಹಳೇ ಸ್ಪೀಕರಿಗೆ ಸಿಕ್ಕಿಸಿದರೆ,
ಗುಂಯ್ಯ್.
ಗಿಟಾರಲ್ಲ, ನನ್ನ ಅಂಗಡಿಯೇ ಅದರೊಳಗಿಂದ ಮಾತಾಡಿತು.
ಐವತ್ತು ಸೈಕಲ್ಲಿನ ಈ ಗುನುಗು,
ಶರಾವತಿ ಕಂಬದಿಂದ ಕಂಬಕ್ಕೆ ನಡೆದು ಬಂದ ದಿನದಿಂದ
ಊರಿನ ಎಲ್ಲ ಮೋಟರಿಗೂ ಬಾಯಿಪಾಠ.

ಕೊಟ್ಟೆ ಕೊಡವಿದೆ.
ಗೇಣುದ್ದದ ಒಂದು ಕಪ್ಪು ವೈರು ಉಳಿದಿತ್ತು.
ಮೂವತ್ತು ವರ್ಷ ಬಂದವರಿಗೆಲ್ಲ ಬೈದಿದ್ದೇನೆ,
ಅರ್ತಿಂಗ್ ಕೊಡದೆ ಪಂಪು ಹಾಕ್ತೀರಲ್ಲ, ಅರ್ಥ ಆಗಲ್ವಾ ಅಂತ.
ಕುದುರೆಯ ಕೆಳಗಿನ ತೂತು ಖಾಲಿ.
ಆಚಾರಿ ನಗಲಿಲ್ಲ. ಚಹಾ ತರುತ್ತೇನೆಂದು ಹೋದ,
ಅಲ್ಲಿ ನಕ್ಕಿರಬೇಕು.

ಆರೂ ತಂತಿ ಸಡಿಲಿಸಿ, ಕುದುರೆ ಎತ್ತಿ,
ವೈರು ತೂರಿಸಿ, ಮತ್ತೆ ಕೂರಿಸಿ
ತಂತಿಗೆ ಬೆರಳು ತಾಗಿಸಿದ್ದೇ ತಡ
ಗುನುಗು ಇಲ್ಲ.
ಬೋಲ್ಟು ಬಿದ್ದರೆ ಕೇಳುವಷ್ಟು ಇಲ್ಲ.

ಆಮೇಲೆ ಹೊಳೆಯಿತು:
ಯಾವ ತಂತಿ ಯಾವ ಸ್ವರಕ್ಕೆ ನಿಲ್ಲಬೇಕು, ನನಗೆ ಗೊತ್ತಿಲ್ಲ.
ಶ್ರುತಿ ಕೊಡಲು ಇದ್ದದ್ದೊಂದನ್ನು ನಾನೇ ಬಾಯಿ ಮುಚ್ಚಿಸಿದ್ದೆ.
ಬೆಂಚಿನ ತುದಿಯಲ್ಲಿ ಹೊಳೆಹೊನ್ನೂರಿನ ಹಾಲೇಶಪ್ಪನವರ ಟುಲ್ಲು ಪಂಪು,
ನಿನ್ನೆಯಷ್ಟೇ ಸುತ್ತಿ ಮುಗಿಸಿದ್ದು.
ಬಕೆಟ್ಟಿಗೆ ಅದರ ಬಾಯಿಕೊಟ್ಟು ಸ್ವಿಚ್ಚು ಹಾಕಿದೆ.
ಹಿಡಿಯಿತು.
ಉಸಿರು ಬಿಡದೆ ಒಂದೇ ಸ್ವರ.
ದಪ್ಪ ತಂತಿ ಮೀಟಿ ಬಿರಡೆ ತಿರುಗಿಸಿದೆ,
ಮೇಲೆ, ಕೆಳಗೆ, ಇನ್ನು ಚೂರು,
ಎರಡೂ ಒಂದರ ಕಾಲು ಒಂದು ತುಳಿದು ಅಲೆ ಎದ್ದು,
ಅಲೆ ಅಗಲವಾಗಿ, ನಿಧಾನವಾಗಿ,
ಆಮೇಲೆ ಅಲೆಯೇ ಇರಲಿಲ್ಲ.

ಬಾಗಿಲಲ್ಲಿ ಹಾಲೇಶಪ್ಪ ಕೊಡೆ ಮಡಚುತ್ತಿದ್ದರು.
"ರೆಡಿಯಾಯ್ತೇನಮ್ಮ?"
"ಪಂಪು ರೆಡಿ.
ಇನ್ನೂ ಐದು ತಂತಿ ಇದೆ, ಕೂತ್ಕೊಳ್ಳಿ."